ಉದ್ಘಾಟನೆಯ ಮರುದಿನದಿಂದ
(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಮುಂಬಯಿ, ಪುಣೆಗಳಲ್ಲಿ ಹೌಸಿಂಗ್ ಸೊಸೈಟಿಯ ಫ್ಲ್ಯಾಟಿನಲ್ಲಿರುವವರಿಗೆಲ್ಲ ಮೇಂಟೆನೆನ್ಸ್ ಬಿಲ್ ಪರಿಚಿತ. ಒಟ್ಟು ಮೊತ್ತ ನೋಡುತ್ತೇವೆ, ಸ್ವಲ್ಪ ಗೊಣಗುತ್ತೇವೆ, ಕಟ್ಟುತ್ತೇವೆ. ಈ ತಿಂಗಳ ಬಿಲ್ಲು ಕೈಗೆ ಬಂದಾಗ ದಯವಿಟ್ಟು ಒಂದೊಂದೇ ಸಾಲು ಓದಿ ನೋಡಿ. ನೀರು, ವಾಚ್‌ಮನ್, ಲಿಫ್ಟು, ಸಾಮಾನ್ಯ ದೀಪ, ಇವೆಲ್ಲದರ ಕೆಳಗೆ ಎರಡು ಬಾಬ್ತುಗಳಿರುತ್ತವೆ. ಒಂದು ರಿಪೇರಿ ಫಂಡ್, ಇನ್ನೊಂದು ಸಿಂಕಿಂಗ್ ಫಂಡ್. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ, ಜಾಗದ ಬೆಲೆ ಬಿಟ್ಟು ಫ್ಲ್ಯಾಟಿನ ಕಟ್ಟಡದ ವೆಚ್ಚ ಎಷ್ಟೋ ಅದರ ಶೇಕಡ 0.25ರಷ್ಟನ್ನಾದರೂ ಪ್ರತಿ ವರ್ಷ ಸಿಂಕಿಂಗ್ ಫಂಡಿಗೆ ಕೂಡಿಡಬೇಕು. ರಿಪೇರಿಗೆ ಕನಿಷ್ಠ ಶೇಕಡ 0.75. ಯಾಕೆ? ಕಟ್ಟಡಕ್ಕೆ ವಯಸ್ಸಾಗುತ್ತದೆ. ಲಿಫ್ಟ್ ಸವೆಯುತ್ತದೆ, ನೀರಿನ ಟ್ಯಾಂಕ್ ಬಿರಿಯುತ್ತದೆ, ಪೈಪಿಗೆ ತುಕ್ಕು ಹಿಡಿಯುತ್ತದೆ. ಆ ದಿನ ಬಂದಾಗ ಯಾರ ಮುಂದೆಯೂ ಕೈಚಾಚುವ ಪರಿಸ್ಥಿತಿ ಬರಬಾರದು.

ಈಗ ನನ್ನ ಪ್ರಶ್ನೆ ಕೇಳಿ. ನಿಮ್ಮ ಊರಿನ ನೀರಿನ ಟ್ಯಾಂಕಿಗೆ ಸಿಂಕಿಂಗ್ ಫಂಡ್ ಇದೆಯೆ?

ನೀವು ವಿಜಯಪುರದ ಕಡೆಯವರಾಗಿರಬಹುದು, ಕಲಬುರಗಿಯವರಾಗಿರಬಹುದು, ಉಡುಪಿ ಅಥವಾ ಹಾಸನದ ಕಡೆಯವರಾಗಿರಬಹುದು. ಬೇಸಗೆಯಲ್ಲಿ ಊರಿಗೆ ಫೋನ್ ಮಾಡಿದರೆ ಕೇಳಿಬರುವ ಮಾತು ಒಂದೇ. "ಮೋಟಾರ್ ಸುಟ್ಟೈತಂತ, ನೀರ ಬಿಟ್ಟು ಎಂಟ ದಿನಾತು" ಎಂದು ಅವ್ವ ಹೇಳುತ್ತಾರೆ. ನಾವು ಇಲ್ಲಿ ಕುಳಿತು ಪಂಚಾಯತಿಯವರನ್ನು ಬಯ್ಯುತ್ತೇವೆ. ಬಯ್ಯಬೇಕಾದ ಸಂದರ್ಭಗಳೂ ಇವೆ. ಆದರೆ ಆ ಮೋಟಾರನ್ನು ಬದಲಾಯಿಸಲು ಹಣ ಎಲ್ಲಿಂದ ಬರಬೇಕು, ಅದನ್ನು ಯಾರು ಯಾವಾಗ ಯೋಜಿಸಬೇಕಿತ್ತು ಎಂಬುದನ್ನು ನಾವು ಕೇಳಿ ತಿಳಿದುಕೊಂಡಿರುವುದಿಲ್ಲ. ಇವತ್ತು ಅದನ್ನೇ ಸ್ವಲ್ಪ ನೋಡೋಣ.

ಒಂದು ಸಾಧಾರಣ ಗ್ರಾಮ ಪಂಚಾಯತಿಯ ಕೈಯಲ್ಲಿ ಏನೇನಿರುತ್ತದೆ, ನೆನಪಿಸಿಕೊಳ್ಳಿ. ಕೊಳವೆಬಾವಿಗಳು, ಅವುಗಳಲ್ಲಿ ಇಳಿಬಿಟ್ಟ ಸಬ್‌ಮರ್ಸಿಬಲ್ ಪಂಪುಗಳು, ಪ್ಯಾನೆಲ್ ಬೋರ್ಡು, ಕೇಬಲ್ಲು, ಓವರ್‌ಹೆಡ್ ಟ್ಯಾಂಕು, ಓಣಿ ಓಣಿಗೆ ಹೋಗುವ ಪೈಪು, ವಾಲ್ವು, ಮನೆ ಮನೆಯ ನಲ್ಲಿ. ಬೀದಿದೀಪ, ಕಾಂಕ್ರೀಟ್ ರಸ್ತೆ, ಚರಂಡಿ, ಮೋರಿ, ಬಸ್ ತಂಗುದಾಣ, ಸ್ಮಶಾನದ ಶೆಡ್ಡು, ಗ್ರಂಥಾಲಯ, ಕಸ ಸಾಗಿಸುವ ಗಾಡಿ. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಿವೆ. ಒಂದೊಂದು ಪಂಚಾಯತಿಯಡಿ ಹಲವು ಹಳ್ಳಿಗಳು. ಎಲ್ಲ ಸೇರಿಸಿದರೆ ಎಷ್ಟು ದೊಡ್ಡ ಆಸ್ತಿ ಆಯಿತು, ಯೋಚಿಸಿ.

ಇದನ್ನು ನೋಡಿಕೊಳ್ಳುವ ಹೊಣೆ ಯಾರದು? ಸಂವಿಧಾನಕ್ಕೆ 1992ರಲ್ಲಿ 73ನೇ ತಿದ್ದುಪಡಿಯಾಯಿತು. ಅದು 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರೊಂದಿಗೆ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ, ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಕುಡಿಯುವ ನೀರು ಅದರಲ್ಲಿದೆ, ರಸ್ತೆ ಮತ್ತು ಮೋರಿ ಇವೆ. ಪಟ್ಟಿಯ ಕಟ್ಟಕಡೆಯ ವಿಷಯ, 29ನೆಯದು, ಸಮುದಾಯದ ಆಸ್ತಿಗಳ ನಿರ್ವಹಣೆ. ಪಟ್ಟಿಯಲ್ಲಿ ಕೊನೆಗೆ ಬಂದದ್ದು ಕಾಕತಾಳೀಯವೇ ಇರಬಹುದು. ಆದರೆ ಅನೇಕ ಊರುಗಳಲ್ಲಿ ಅದಕ್ಕೆ ಸಿಕ್ಕ ಸ್ಥಾನವೂ ಅದೇ.

ಹಣದ ದಾರಿ ನೋಡೋಣ. ಪಂಚಾಯತಿಗೆ ಹಣ ಬರುವುದು ಮುಖ್ಯವಾಗಿ ಮೂರು ಕಡೆಯಿಂದ. ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯ ಸರ್ಕಾರದ ಅನುದಾನ ಮತ್ತು ಯೋಜನೆಗಳು, ಮತ್ತು ಪಂಚಾಯತಿಯ ಸ್ವಂತ ವರಮಾನ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ್ದು 2,36,805 ಕೋಟಿ ರೂಪಾಯಿ. ಅದರಲ್ಲಿ ಶೇಕಡ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇಕಡ 40ನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಸಂಬಳ ಮತ್ತು ಕಚೇರಿಯ ಖರ್ಚಿಗೆ ಮಾತ್ರ ಬಳಸುವಂತಿರಲಿಲ್ಲ. ಸಣ್ಣ ಮೊತ್ತವಲ್ಲ. ಆದರೆ ಅನುದಾನದ ಸ್ವಭಾವವೇ ಬೇರೆ. ಅದು ಆಯಾ ವರ್ಷದ ಕ್ರಿಯಾ ಯೋಜನೆಗೆ ತಕ್ಕಂತೆ ಖರ್ಚಾಗಬೇಕು. ಇಪ್ಪತ್ತು ವರ್ಷದ ನಂತರ ಬದಲಾಯಿಸಬೇಕಾದ ಪೈಪಿಗೆಂದು ಅದನ್ನು ಬ್ಯಾಂಕಿನಲ್ಲಿ ಇಟ್ಟು ಕಾಯುವ ಹಾಗಿಲ್ಲ. ಹಾಗೆ ಕಾದು ಇಡಬಹುದಾದದ್ದು ಸ್ವಂತ ವರಮಾನ ಮಾತ್ರ. ಅಂದರೆ ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಶುಲ್ಕ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಯೋಜನೆ ಆಗುವ ಬಗೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಅಭಿವೃದ್ಧಿ ಯೋಜನೆಗೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎಂಬ ಹೆಸರಿದೆ. ಮೊದಲು ವಾರ್ಡ್ ಸಭೆ ಸೇರುತ್ತದೆ. ಜನ ತಮ್ಮ ಬೇಡಿಕೆ ಹೇಳುತ್ತಾರೆ. ಅಲ್ಲಿಂದ ಪಟ್ಟಿ ಗ್ರಾಮ ಸಭೆಗೆ ಬರುತ್ತದೆ. ಅಲ್ಲಿ ಆದ್ಯತೆ ನಿರ್ಧಾರವಾಗಬೇಕು. ಆಮೇಲೆ ಪಂಚಾಯತಿ ಕ್ರಿಯಾ ಯೋಜನೆ ಮಾಡುತ್ತದೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಅದನ್ನು 2020ರಲ್ಲಿ ಆರಂಭವಾದ ಇ-ಗ್ರಾಮಸ್ವರಾಜ್ ತಂತ್ರಾಂಶಕ್ಕೆ ಏರಿಸುತ್ತಾರೆ. ವಿಧಾನ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಬೇಡಿಕೆಯ ಪಟ್ಟಿಯಲ್ಲಿ. ನಮ್ಮ ಓಣಿಗೆ ರಸ್ತೆ ಬೇಕು, ನಮ್ಮ ಕೇರಿಗೆ ಚರಂಡಿ ಬೇಕು, ಗುಡಿಯ ಮುಂದೆ ಹೈಮಾಸ್ಟ್ ದೀಪ ಬೇಕು. ಎಲ್ಲವೂ ಹೊಸದು. ಹತ್ತು ವರ್ಷದ ಹಿಂದೆ ಹಾಕಿದ ವಾಲ್ವ್ ಬದಲಾಯಿಸಿ ಎಂದು ಎದ್ದು ನಿಂತು ಕೇಳುವವರು ಕಡಿಮೆ. ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ಇದೆ, ಶಾಸಕರು ಬರುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ. ವಾಲ್ವಿನ ಮೇಲೆ ಯಾರ ಹೆಸರನ್ನೂ ಕೆತ್ತಲು ಬರುವುದಿಲ್ಲ. ಸದಸ್ಯರ ಅವಧಿ ಐದು ವರ್ಷ. ಪೈಪಿನ ಆಯುಸ್ಸು ಮೂವತ್ತು ವರ್ಷ. ಪೈಪು ಒಡೆಯುವ ಹೊತ್ತಿಗೆ ಅಧ್ಯಕ್ಷರು ಬೇರೆ, ಪಿಡಿಒ ಬೇರೆ.

ಹಾಗಾದರೆ ಒಂದು ಪಂಚಾಯತಿ ಸರಿಯಾಗಿ ಯೋಜಿಸಬೇಕೆಂದರೆ ಎಲ್ಲಿಂದ ಆರಂಭಿಸಬೇಕು? ಒಂದು ವಹಿಯಿಂದ. ಆಸ್ತಿಗಳ ರಿಜಿಸ್ಟರ್ ಪಂಚಾಯತಿಯಲ್ಲಿ ಇರಲೇಬೇಕು. ಪ್ರಶ್ನೆ ಅದರಲ್ಲಿ ಏನು ಬರೆದಿದ್ದಾರೆ ಎಂಬುದು. ಟ್ಯಾಂಕು ಒಂದು, ಬೆಲೆ ಇಷ್ಟು ಎಂದು ಬರೆದರೆ ಲೆಕ್ಕ ತಪಾಸಣೆಗೆ ಸಾಕು, ಊರಿಗೆ ಸಾಲದು. ಯಾವ ವರ್ಷ ಕಟ್ಟಿದ್ದು, ಈಗಿನ ಸ್ಥಿತಿ ಹೇಗಿದೆ, ಕೊನೆಯ ರಿಪೇರಿ ಯಾವಾಗ, ಇನ್ನೆಷ್ಟು ವರ್ಷ ಬಾಳೀತು, ಬದಲಾಯಿಸಲು ಇವತ್ತಿನ ಬೆಲೆಯಲ್ಲಿ ಎಷ್ಟು ಬೇಕು ಎಂಬ ಐದು ಕಾಲಂ ಇದ್ದರೆ ಅದು ಯೋಜನೆಯಾಗುತ್ತದೆ.

ಜೊತೆಗೊಂದು ನಕ್ಷೆ ಬೇಕು. ನಮ್ಮ ಹಳ್ಳಿಗಳಲ್ಲಿ ನೆಲದಡಿಯ ಪೈಪು ಎಲ್ಲೆಲ್ಲಿ ಹೋಗಿದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಕೇರಿಗೆ ನೀರು ಎಂಬುದು ಎಷ್ಟೋ ಸಲ ಒಬ್ಬರಿಗೇ ಗೊತ್ತಿರುತ್ತದೆ. ಅವರು ನೀರುಗಂಟಿ. ಬೆಳಗಿನ ಜಾವ ಎದ್ದು ಪಂಪು ಚಾಲೂ ಮಾಡುವವರು, ಕರೆಂಟು ಬಂದಾಗ ನಡುರಾತ್ರಿ ಓಡುವವರು. ನಕ್ಷೆ ಇರುವುದು ಅವರ ತಲೆಯಲ್ಲಿ. ಅವರು ನಿವೃತ್ತರಾದ ಮೇಲೆ ಹೊಸಬರು ರಸ್ತೆ ಅಗೆದು ಅಗೆದು ಪೈಪು ಹುಡುಕಬೇಕಾಗುತ್ತದೆ. ನೀರುಗಂಟಿಯನ್ನು ಕರೆದುಕೊಂಡು ಒಂದು ದಿನ ಊರು ಸುತ್ತಿ, ಅವರು ತೋರಿಸಿದ ಜಾಗವನ್ನೆಲ್ಲ ಕಾಗದದ ಮೇಲೆ ಗುರುತು ಮಾಡಿದರೆ ಮುಂದಿನ ಮೂವತ್ತು ವರ್ಷಕ್ಕೆ ಅದೊಂದು ಆಸ್ತಿ. ಖರ್ಚು ಹೆಚ್ಚೆಂದರೆ ಒಂದು ದಿನದ ಕೂಲಿ.

ಈಗ ಲೆಕ್ಕ ಮಾಡೋಣ. ಹತ್ತಿರದಲ್ಲಿ ಕಾಗದ ಪೆನ್ಸಿಲ್ ಇದ್ದರೆ ಒಳ್ಳೆಯದು. ಇದು ಯಾವ ಊರಿನ ಲೆಕ್ಕವೂ ಅಲ್ಲ, ವಿಷಯ ತಿಳಿಯಲೆಂದು ನಾನೇ ಹಾಕಿಕೊಂಡ ಅಂಕಿಗಳು. ಒಂದು ಹಳ್ಳಿ, ನಾನೂರು ಮನೆ, ಎರಡು ಸಾವಿರ ಜನ. ಜಲ ಜೀವನ್ ಮಿಷನ್ನಿನ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಎಂದರೆ 1,10,000 ಲೀಟರ್ ನೀರು ಬೇಕು. ಐವತ್ತು ಸಾವಿರ ಲೀಟರಿನ ಟ್ಯಾಂಕನ್ನು ದಿನಕ್ಕೆ ಎರಡು ಸಲ ತುಂಬಿಸಿದರೂ ಸ್ವಲ್ಪ ಕಡಿಮೆಯೇ ಬಿತ್ತು.

ಪಂಪು ಮೋಟಾರಿಗೆ 1,20,000 ರೂಪಾಯಿ, ಆರು ವರ್ಷ ಬಾಳುತ್ತದೆ ಎಂದುಕೊಳ್ಳಿ. ವರ್ಷಕ್ಕೆ 20,000 ಸವೆಯಿತು. ಪ್ಯಾನೆಲ್ ಬೋರ್ಡು, ಕೇಬಲ್, ವಾಲ್ವುಗಳಿಗೆ ಒಂದು ಲಕ್ಷ, ಹತ್ತು ವರ್ಷ. ವರ್ಷಕ್ಕೆ 10,000. ಟ್ಯಾಂಕಿಗೆ ಹನ್ನೆರಡು ಲಕ್ಷ, ನಲವತ್ತು ವರ್ಷ. ವರ್ಷಕ್ಕೆ 30,000. ಊರೊಳಗಿನ ಪೈಪಿಗೆ ಹದಿನೈದು ಲಕ್ಷ, ಮೂವತ್ತು ವರ್ಷ. ವರ್ಷಕ್ಕೆ 50,000. ಕೂಡಿಸಿದರೆ ವರ್ಷಕ್ಕೆ 1,10,000 ರೂಪಾಯಿ. ನಾನೂರು ಮನೆಗೆ ಹಂಚಿದರೆ ಮನೆಗೆ 275 ರೂಪಾಯಿ, ತಿಂಗಳಿಗೆ 23 ರೂಪಾಯಿ. ದಿನಕ್ಕೆ ಒಂದು ರೂಪಾಯಿಗೂ ಕಡಿಮೆ!

ಇದು ಬರಿಯ ಬದಲಾವಣೆಯ ಹಣ. ಕರೆಂಟ್ ಬಿಲ್ಲು, ನೀರುಗಂಟಿಯ ಸಂಬಳ, ಬ್ಲೀಚಿಂಗ್ ಪೌಡರು, ದಿನನಿತ್ಯದ ಸಣ್ಣ ರಿಪೇರಿ ಬೇರೆ. ಪಂಚಾಯತಿಗಳು ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡಿರುವ ಬಾಕಿ ಕರ್ನಾಟಕದಲ್ಲಿ ಹಳೆಯ ತಲೆನೋವು. ಬೆಲೆಗಳೂ ಏರುತ್ತ ಹೋಗುತ್ತವೆ, ಆದ್ದರಿಂದ ವರ್ಷಕ್ಕೊಮ್ಮೆ ಅಂಕಿಗಳನ್ನು ತಿದ್ದಬೇಕು. ಇಷ್ಟೆಲ್ಲ ಒಪ್ಪಿದರೂ, ಬದಲಾವಣೆಯ ಹಣ ಕೈಗೆಟುಕದ ಮೊತ್ತವೇನಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಬೇರೆ ಖರ್ಚಿಗೆ ಮುಟ್ಟಬಾರದೆಂದು ಸಭೆಯಲ್ಲಿ ಠರಾವು ಮಾಡಿಕೊಂಡರೆ ಮೋಟಾರ್ ಸುಟ್ಟ ದಿನ ಚಂದಾ ಎತ್ತಬೇಕಾಗಿಲ್ಲ.

ಇಲ್ಲಿಗೆ ನಾವು, ಅಂದರೆ ಊರು ಬಿಟ್ಟು ಬಂದವರು, ಲೆಕ್ಕದೊಳಗೆ ಬರುತ್ತೇವೆ. ಆ ನಾನೂರು ಮನೆಗಳಲ್ಲಿ ಅರವತ್ತು ಮನೆಗೆ ಬೀಗ ಬಿದ್ದಿದೆ ಎಂದುಕೊಳ್ಳಿ. ಮಕ್ಕಳು ಡೊಂಬಿವಲಿಯಲ್ಲಿದ್ದಾರೆ, ಪಿಂಪರಿಯಲ್ಲಿದ್ದಾರೆ, ಹೈದರಾಬಾದಿನಲ್ಲಿದ್ದಾರೆ. "ನಾವು ಅಲ್ಲಿ ನೀರೇ ಕುಡಿಯುವುದಿಲ್ಲ, ಯಾಕೆ ಕಟ್ಟಬೇಕು?" ಎಂದು ಬಿಟ್ಟುಬಿಟ್ಟಿದ್ದಾರೆ. ಆದರೆ ಪೈಪು ಅವರ ಮನೆಯ ಮುಂದೆಯೇ ಹಾದು ಮುಂದಿನ ಮನೆಗೆ ಹೋಗಬೇಕು. ನಾವು ಇಲ್ಲಿಗೆ ಬಂದೆವೆಂದು ಪೈಪಿನ ಉದ್ದ ಕಡಿಮೆಯಾಗಲಿಲ್ಲ, ಟ್ಯಾಂಕಿನ ಬೆಲೆಯೂ ಇಳಿಯಲಿಲ್ಲ. ಅದೇ 1,10,000 ರೂಪಾಯಿಯನ್ನು ಉಳಿದ 340 ಮನೆಯವರು ಹೊರಬೇಕು. ಅವರ ಪಾಲು 275ರಿಂದ ಸುಮಾರು 324ಕ್ಕೆ ಏರಿತು. ಅವರಲ್ಲಿ ಕೂಲಿ ಮಾಡುವವರಿದ್ದಾರೆ, ವಿಧವಾ ವೇತನದಲ್ಲಿ ಬದುಕುವವರಿದ್ದಾರೆ. ಮುಂಬಯಿಯಲ್ಲಿ ತಿಂಗಳ ಸಂಬಳ ಎಣಿಸುವ ನಮ್ಮ ಪಾಲನ್ನು ಅವರು ಕಟ್ಟುತ್ತಿದ್ದಾರೆ. ಇದನ್ನು ಕೇಳಿ ನಿಮಗೆ ಸ್ವಲ್ಪ ಕಸಿವಿಸಿಯಾದರೆ ನಾನು ಕ್ಷಮೆ ಕೇಳುವುದಿಲ್ಲ. ನಮ್ಮಲ್ಲಿ ಯಾರಾದರೂ ಆರು ತಿಂಗಳು ಊರಿಗೆ ಹೋಗಿ ಬಂದು ಸೊಸೈಟಿಯ ಸೆಕ್ರೆಟರಿಗೆ "ನಾನು ಲಿಫ್ಟ್ ಹತ್ತಲೇ ಇಲ್ಲ" ಎಂದರೆ ಅವರು ಸಿಂಕಿಂಗ್ ಫಂಡ್ ಮನ್ನಾ ಮಾಡುತ್ತಾರೆಯೆ?

ಈಗ ಈ ಮಾತಿಗೆ ತುರ್ತು ಯಾಕೆ ಬಂತು, ಹೇಳುತ್ತೇನೆ. ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾದಾಗ ದೇಶದಲ್ಲಿ ನಲ್ಲಿ ಇದ್ದ ಗ್ರಾಮೀಣ ಮನೆಗಳು ಸುಮಾರು 3.23 ಕೋಟಿ. 2025ರ ಆರಂಭಕ್ಕೆ ಆ ಸಂಖ್ಯೆ 15 ಕೋಟಿ ದಾಟಿತು. ಕರ್ನಾಟಕದಲ್ಲಿ ಇದು 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ನಡೆಯಿತು. 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಯೋಜನೆಯನ್ನು 2028ರವರೆಗೆ ವಿಸ್ತರಿಸಿದಾಗ, ಕಟ್ಟಿದ್ದನ್ನು ಜನರ ಸಹಭಾಗಿತ್ವದಲ್ಲಿ ನಿರ್ವಹಿಸುವುದಕ್ಕೆ ಒತ್ತು ಎಂದು ಸರ್ಕಾರವೇ ಹೇಳಿತು. ಅಂದರೆ ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ನಲ್ಲಿಗಳು, ಸಾವಿರಾರು ಮೈಲಿ ಪೈಪುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದಿವೆ. ಒಂದೇ ಕಾಲಕ್ಕೆ ಬಂದವು ಒಂದೇ ಕಾಲಕ್ಕೆ ಮುದಿಯಾಗುತ್ತವೆ. ಇವತ್ತು ಹೊಸ ಪೈಪಿನಲ್ಲಿ ನೀರು ಬರುತ್ತಿರುವಾಗಲೇ ಕೂಡಿಡಲು ಆರಂಭಿಸಬೇಕು. ಸೋರಲು ಶುರುವಾದ ಮೇಲೆ ಕೂಡಿಡಲು ಸಮಯ ಇರುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳ ಕತೆ ನೀವು ಊರಲ್ಲೇ ನೋಡಿರಬಹುದು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತಿದ್ದ ಘಟಕಕ್ಕೆ, ಫಿಲ್ಟರ್ ಬದಲಾಯಿಸುವವರಿಲ್ಲದೆ ಬೀಗ ಬಿದ್ದ ಊರುಗಳಿವೆ.

ನಿರ್ವಹಣೆಯಲ್ಲಿ ಇನ್ನೊಂದು ಗುಟ್ಟಿದೆ. ಅಗ್ಗದ ಕೆಲಸ ಸಕಾಲಕ್ಕೆ ಮಾಡಿದರೆ ದುಬಾರಿ ಕೆಲಸ ತಪ್ಪುತ್ತದೆ. ಮಳೆಗಾಲಕ್ಕೆ ಮುಂಚೆ ಮೋರಿಯ ಬಾಯಿಯ ಕಸ ತೆಗೆದರೆ ಆಳಿನ ಕೂಲಿ ಮಾತ್ರ. ತೆಗೆಯದಿದ್ದರೆ ನೀರು ರಸ್ತೆಯ ಮೇಲೆ ಹರಿದು ರಸ್ತೆಯನ್ನೇ ಕೊರೆಯುತ್ತದೆ. ಬೇಸಗೆಗೆ ಮುಂಚೆ, ಫೆಬ್ರವರಿಯಲ್ಲೇ ಮೋಟಾರ್ ಪರೀಕ್ಷೆ ಮಾಡಿಸಿದರೆ ಮೆಕ್ಯಾನಿಕ್ಕು ಸಿಗುತ್ತಾನೆ. ಏಪ್ರಿಲ್‌ನಲ್ಲಿ ತಾಲ್ಲೂಕಿನ ಎಲ್ಲ ಊರಿನ ಮೋಟಾರೂ ರಿವೈಂಡಿಂಗ್ ಅಂಗಡಿಯ ಮುಂದೆ ಸಾಲು ನಿಂತಿರುತ್ತವೆ. ಅಲ್ಲಿಯವರೆಗೆ ಟ್ಯಾಂಕರ್ ನೀರಿನ ಖರ್ಚು. ಆ ಟ್ಯಾಂಕರೂ ಮೊದಲು ನಿಲ್ಲುವುದು ಊರ ನಡುವೆ. ಊರ ಕೊನೆಯ ಕೇರಿಯ ಕೊಡಗಳು ಕೊನೆಗೆ ತುಂಬುತ್ತವೆ, ಕೆಲವೊಮ್ಮೆ ತುಂಬುವುದೇ ಇಲ್ಲ. ನಿರ್ವಹಣೆ ತಪ್ಪಿದಾಗ ಮೊದಲ ಪೆಟ್ಟು ಬೀಳುವುದು ಯಾರಿಗೆ ಎಂದು ಇದರಿಂದ ತಿಳಿಯಿರಿ.

ಇದೆಲ್ಲ ಹೊರಗಿನಿಂದ ಬಂದ ಹೊಸ ವಿಚಾರ ಎಂದು ಭಾವಿಸಬೇಡಿ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗಿ ಎಂಬ ಪದಗಳು ಗೊತ್ತು. ಕೆರೆಯನ್ನು ಕಟ್ಟಿಸಿದವರಿಗೂ ಅದನ್ನು ದುರಸ್ತಿ ಮಾಡುತ್ತ ಕಾಪಾಡುವವರಿಗೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಆ ಭೂಮಿಯ ಹುಟ್ಟುವಳಿಯಿಂದ ಹೂಳು ತೆಗೆಯಬೇಕು, ಏರಿ ಭದ್ರ ಮಾಡಬೇಕು, ತೂಬು ನೋಡಿಕೊಳ್ಳಬೇಕು. ಕೆರೆ ಎಷ್ಟು ಕಾಲವೋ ಅಷ್ಟು ಕಾಲ ಅದರ ರಿಪೇರಿಗೆ ಆದಾಯ. ಸಿಂಕಿಂಗ್ ಫಂಡಿಗೆ ನಮ್ಮ ಹಿರಿಯರು ಇಟ್ಟ ಹೆಸರು ಇದು ಎನ್ನಲು ಅಡ್ಡಿಯಿಲ್ಲ. ನೀರುಗಂಟಿ ಎಂಬ ಪದವೂ ಆ ಕೆರೆಗಳ ಕಾಲದಿಂದಲೇ ಬಂದದ್ದು.

ಹಾಗಾದರೆ ನಾವು ಇಲ್ಲಿಂದ ಏನು ಮಾಡಬಹುದು?

ಮೊದಲನೆಯದು, ಊರಿನ ಮನೆಯ ಕಂದಾಯ ಮತ್ತು ನೀರಿನ ಶುಲ್ಕ ಎಷ್ಟು ವರ್ಷದಿಂದ ಬಾಕಿ ಇದೆ ಎಂದು ಕೇಳಿ ತಿಳಿದು ಕಟ್ಟಿಬಿಡಿ. ಅಣ್ಣನೋ ತಮ್ಮನೋ ಊರಲ್ಲಿದ್ದರೆ ಅವರ ಕೈಯಲ್ಲಿ ಕಟ್ಟಿಸಿ, ರಸೀದಿ ಪಡೆಯಿರಿ. ಪಾಲು ಆಗಿಲ್ಲ, ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದೆ ಎಂಬ ನೆಪ ಬೇಡ. ಕಂದಾಯ ಕಟ್ಟುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ.

ಎರಡನೆಯದು, ಗ್ರಾಮ ಸಭೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲಿದ್ದರೆ ಅಲ್ಲಿನ ಗ್ರಾಮ ಸಭೆಗೆ ನೀವು ಸದಸ್ಯರಲ್ಲ. ಆದರೆ ನಿಮ್ಮ ತಾಯಿ, ಅತ್ತಿಗೆ, ಚಿಕ್ಕಪ್ಪ ಸದಸ್ಯರು. ಅವರಿಗೆ ಮೂರು ಪ್ರಶ್ನೆ ಹೇಳಿಕೊಡಿ. ನಮ್ಮ ನೀರಿನ ಯೋಜನೆಯ ಆಸ್ತಿ ವಹಿ ಓದಿ ಹೇಳುತ್ತೀರಾ? ಮುಂದಿನ ಐದು ವರ್ಷದಲ್ಲಿ ಏನೇನು ಬದಲಾಯಿಸಬೇಕು? ಅದಕ್ಕೆ ಎಷ್ಟು ಹಣ ಎತ್ತಿಟ್ಟಿದ್ದೀರಿ? ಜಗಳ ಬೇಡ, ಏರು ದನಿ ಬೇಡ. ಪ್ರತಿ ಸಭೆಯಲ್ಲೂ ಇದೇ ಮೂರು ಪ್ರಶ್ನೆ ಬಂದರೆ ಉತ್ತರ ಬರೆದಿಡುವ ಅಭ್ಯಾಸ ತಾನಾಗಿ ಹುಟ್ಟುತ್ತದೆ.

ಮೂರನೆಯದು ನಮ್ಮ ಸಂಘಗಳಿಗೆ. ಮುಂಬಯಿಯಲ್ಲಿ ಊರಿನ ಹೆಸರಿನ ಸಂಘಗಳು ಎಷ್ಟಿವೆ! ಊರಿಗೆ ಸ್ವಾಗತ ಕಮಾನು, ತಂಗುದಾಣ, ಶಾಲೆಗೆ ನೀರಿನ ಫಿಲ್ಟರು ಕೊಟ್ಟಿದ್ದೇವೆ, ಸಂತೋಷ. ಇನ್ನು ಮುಂದೆ ಒಂದು ಲಕ್ಷದ ಕೊಡುಗೆ ಕೊಡುವಾಗ ಎಂಬತ್ತು ಸಾವಿರದ್ದನ್ನು ಕೊಡಿಸಿ, ಇಪ್ಪತ್ತು ಸಾವಿರವನ್ನು ಅದರ ನಿರ್ವಹಣೆಗೆಂದು ಠೇವಣಿ ಇಡೋಣ. ಫಿಲ್ಟರಿನ ಮೇಲೆ ಸಂಘದ ಹೆಸರಿದ್ದು ಅದರಲ್ಲಿ ನೀರು ಬಾರದಿದ್ದರೆ ಆ ಹೆಸರು ಯಾರಿಗೆ ಶೋಭೆ?

ಕಟ್ಟಿದ ದಿನ ಶಾಮಿಯಾನ ಹಾಕಿ ಊರೆಲ್ಲ ಸೇರುತ್ತೇವೆ. ಮರುದಿನದಿಂದ ಅದು ಸವೆಯಲು ಶುರುವಾಗುತ್ತದೆ. ಆ ಮರುದಿನದ ಹೊಣೆಯಲ್ಲಿ ಬೀಗ ಹಾಕಿಕೊಂಡು ಬಂದವರ ಪಾಲೂ ಇದೆ ಎಂಬುದಷ್ಟೇ ನಾನು ಹೇಳಬೇಕೆಂದಿದ್ದದ್ದು. ನಿಮ್ಮ ಊರಿನ ಪಂಚಾಯತಿ ಇದನ್ನು ಚೆನ್ನಾಗಿ ಮಾಡುತ್ತಿದ್ದರೆ ಹೇಗೆಂದು ನಮಗೆ ಬರೆದು ತಿಳಿಸಿ. ಉಳಿದ ಕೇಳುಗರಿಗೂ ಓದಿ ಹೇಳುವ ಆಸೆ ನನಗಿದೆ.